ಪೊರೆ ಬೇರೆ, ಚರ್ಮ ಬೇರೆ

ನಿಜಾಮುದ್ದೀನ್ ಸ್ಟೇಷನ್

ದೆಹಲಿಯಿಂದ ಬಂದು ಮೂರು ವಾರವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ ‘ಕೆಂಪುಕೋಟೆ ನೋಡಿದ್ರಾ ಮೇಡಂ? ಆಗ್ರಾಕ್ಕೆ ಹೋಗಿದ್ರಾ?’ ಅಂತ ಕೇಳುತ್ತಾರೆ. ಇಲ್ಲ ಅಂದರೆ ‘ಮತ್ತೆ ಅಷ್ಟು ದೂರ ಯಾಕೆ ಹೋದ್ರಿ?’ ಅನ್ನುತ್ತಾರೆ. ಅವರಿಗೆಲ್ಲ ಒಟ್ಟಿಗೇ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಹರಿಹರದವಳು. ಐಟಿಐಯಲ್ಲಿ ಹುಡುಗರಿಗೆ ಲೇತ್ ಕೆಲಸ ಕಲಿಸಿ ನಿವೃತ್ತಳಾದೆ. ಕಬ್ಬಿಣ ತಿರುವುತ್ತಿದ್ದ ಕೈ ಸುಮ್ಮನೆ ಕೂರಲಿಲ್ಲ, ಮನೆಯಲ್ಲೇ ಸಣ್ಣ ಲೇತಿಟ್ಟು ಪೆನ್ನು ತಿರುವಿ ಮಾಡಲು ಶುರುಮಾಡಿದೆ. ಮೊದಲು ತೇಗ, ಬೀಟೆ. ಆಮೇಲೆ ಒಂದು ದಿನ ನಮ್ಮ ಹಿತ್ತಲಿನ ಕಲ್ಲುರಾಶಿಯಲ್ಲಿ ಕೇರೆಹಾವಿನ ಪೊರೆ ಸಿಕ್ಕಿತು. ಮೂತಿಯಿಂದ ಬಾಲದವರೆಗೆ ಎಲ್ಲೂ ಹರಿದಿರಲಿಲ್ಲ. ಕಣ್ಣಿನ ಮೇಲಿನ ಪುಟ್ಟ ಗಾಜಿನಂಥ ಮುಚ್ಚಳ ಕೂಡ ಹಾಗೇ ಇತ್ತು. ಎಸೆಯಲು ಮನಸ್ಸು ಬರಲಿಲ್ಲ.

ಅದನ್ನು ಪೆನ್ನು ಮಾಡುವ ಬಗೆ ಹೀಗೆ. ಪೊರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಬೇಕು. ಹಿತ್ತಾಳೆಯ ಸಣ್ಣ ಕೊಳವೆಗೆ ಬಣ್ಣ ಬಳಿದು, ಅದರ ಮೇಲೆ ಪೊರೆಯನ್ನು ಒಂದು ಸುಕ್ಕೂ ಇಲ್ಲದಂತೆ ಅಂಟಿಸಬೇಕು. ಆ ಕೊಳವೆಯನ್ನು ಅಚ್ಚಿನಲ್ಲಿಟ್ಟು ತಿಳಿಯಾದ ರೆಸಿನ್, ಅಂದರೆ ಆರಿದರೆ ಗಾಜಿನಂತೆ ಗಟ್ಟಿಯಾಗುವ ದ್ರವ, ಸುರಿದು, ಗುಳ್ಳೆ ಏಳದಂತೆ ಗಾಳಿಯ ಒತ್ತಡದ ಡಬ್ಬದಲ್ಲಿ ಮುಚ್ಚಿಡಬೇಕು. ಅದು ಗಟ್ಟಿಯಾದರೆ ಪೆನ್ನಿನ ಮೈ ಆಗುವ ತುಂಡು ಸಿದ್ಧ. ಕಸುಬಿನವರು ಇದಕ್ಕೆ ಬ್ಲ್ಯಾಂಕ್ ಅನ್ನುತ್ತಾರೆ. ಲೇತಿಗೆ ಹಾಕಿ ತಿರುವಿ ಪಾಲಿಶ್ ಮಾಡಿದರೆ ಗಾಜಿನೊಳಗೆ ಹುರುಪೆ ಹುರುಪೆಯಾಗಿ ಹಾವಿನ ಮೈ ಕಾಣುತ್ತದೆ. ಪೊರೆಗೆ ಸ್ವಂತ ಬಣ್ಣ ಇಲ್ಲವೆಂದೇ ಹೇಳಬಹುದು. ಕೊಳವೆಗೆ ಏನು ಬಳಿದಿರುತ್ತೇವೋ ಅದೇ ಬಣ್ಣ ಕೆಳಗಿನಿಂದ ಹೊಳೆಯುತ್ತದೆ.

ಪರಿಚಯದವರಿಗೆ ಮಾರಿದ ಈ ಪೆನ್ನುಗಳ ಫೋಟೋ ನೋಡಿ ನೋಯ್ಡಾದಿಂದ ಕಪಿಲ್ ಅನ್ನುವವನು ಫೋನ್ ಮಾಡಿದ. ದೊಡ್ಡ ಕಂಪನಿಗಳಿಗೆ ಉಡುಗೊರೆ ಸಾಮಾನು ಮಾಡಿಕೊಡುವ ಕಾರ್ಖಾನೆ ಅವನದು. ‘ಮೇಡಂಜೀ, ನಮ್ಮ ಕೆಲಸದವರಿಗೆ ಎರಡು ದಿನ ಕಲಿಸಿಕೊಡಿ. ಮೂರನೇ ದಿನ ಗುರುಗ್ರಾಮದಲ್ಲಿ ಬಿಡುಗಡೆ. ಪೆನ್ನಿನ ಮೇಲೆ ನಿಮ್ಮ ಹೆಸರು’ ಅಂದ. ಹೆಸರು ಅಂದಕೂಡಲೇ ಒಪ್ಪಿಕೊಂಡೆ. ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷ ಯಾವ ಬೋಲ್ಟಿನ ಮೇಲೂ ನನ್ನ ಹೆಸರು ಇರಲಿಲ್ಲ.

ಪಾಸ್‌ಪೋರ್ಟ್ ಮಾಡಿಸದ ನನ್ನಂಥವಳಿಗೆ ದೆಹಲಿಯೇ ಪರದೇಶ. ಎರಡು ರಾತ್ರಿ ರೈಲಿನಲ್ಲಿ ಕೂತು ನಿಜಾಮುದ್ದೀನಿನಲ್ಲಿ ಇಳಿದಾಗ ಬಾಯಿಂದ ಹೊಗೆ ಬರುತ್ತಿತ್ತು. ಆಟೋದವನು ನನ್ನ ಸ್ವೆಟರ್ ನೋಡಿ ನಕ್ಕ. ‘ಆಂಟೀಜೀ, ಇದು ನಿಮ್ಮ ಕಡೆ ಬೇಸಿಗೆಯಲ್ಲಿ ಹಾಕೋದಾ?’ ಅಂದ. ಸಿಟ್ಟು ಅಲ್ಲಿಂದಲೇ ಶುರುವಾಯಿತು ಅನ್ನಬಹುದು. ಆದರೆ ಅವನು ಹೇಳಿದ್ದು ನಿಜವಾಗಿತ್ತು.

ಮುನಿರ್ಕಾ

ಅಕ್ಕ ಸುಮಿತ್ರಾ ಮದುವೆಯಾಗಿ ದೆಹಲಿಗೆ ಹೋದವಳು ಅಲ್ಲೇ ಉಳಿದಳು. ಭಾವ ಕೇಂದ್ರ ಸರ್ಕಾರದಲ್ಲಿ ಅಧಿಕಾರಿಯಾಗಿದ್ದವರು. ಈಗ ಮುನಿರ್ಕಾದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಬಿಸಿಲು ಬಿದ್ದ ಕಡೆಗೆಲ್ಲ ಕುರ್ಚಿ ಸರಿಸಿಕೊಂಡು ಪೇಪರ್ ಓದುತ್ತಾರೆ.

ಅಲ್ಲಿ ನನಗೆ ಆಶ್ಚರ್ಯವಾದದ್ದು ಬುಟ್ಟಿ. ಕೆಳಗೆ ತರಕಾರಿ ಗಾಡಿ ಬಂದರೆ ಅಕ್ಕ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ. ‘ಭಯ್ಯಾ, ಮೇಥಿ ತಾಜಾ ಹೈ?’ ಅಂತ ಕೂಗುತ್ತಾಳೆ. ಅವನು ಮೆಂತ್ಯ ತುಂಬಿಸಿ, ಎರಡು ಹಸಿಮೆಣಸಿನಕಾಯಿ ಬಿಟ್ಟಿ ಹಾಕುತ್ತಾನೆ. ಬುಟ್ಟಿ ಮೇಲೆ ಬರುತ್ತದೆ. ಇಷ್ಟು ವರ್ಷದಲ್ಲಿ ಅವನ ಮುಖವನ್ನು ಹತ್ತಿರದಿಂದ ನೋಡಿದ್ದೇ ಕಡಿಮೆಯಂತೆ. ನಮ್ಮೂರಲ್ಲಾಗಿದ್ದರೆ ಅವನ ಹೆಂಡತಿಯ ಬಾಣಂತನದ ಸುದ್ದಿಯವರೆಗೂ ಮಾತಾಗುತ್ತಿತ್ತು.

‘ಹಾವಿನ ಪೊರೆ ಇರೋ ಡಬ್ಬಿ ದೇವರ ಮನೆ ಹತ್ತಿರ ಇಡಲಾ?’ ಅಂತ ಅಕ್ಕ ಕೇಳಿದಳು.

‘ಎಲ್ಲಾದರೂ ಇಡು. ಒದ್ದೆ ಆಗಬಾರದು ಅಷ್ಟೇ.’

ಅವಳು ದೇವರ ಮನೆಯಲ್ಲೇ ಇಟ್ಟಳು. ಅದರಲ್ಲಿ ಹನ್ನೆರಡು ಪೊರೆಗಳಿದ್ದವು. ನಮ್ಮ ಓಣಿಯವರು, ಹಳೆಯ ಶಿಷ್ಯರು, ಮನೆಗೆ ಬಂದ ಹಾವು ಹಿಡಿದು ಕಾಡಿಗೆ ಬಿಡುವ ಒಬ್ಬರು, ಹೀಗೆ ಎಲ್ಲರೂ ಹುಡುಕಿ ತಂದುಕೊಟ್ಟದ್ದು. ನಾಗರ ಹಾವಿನದನ್ನು ಕೊಡುವಾಗ ಕೆಲವರು ಕಣ್ಣಿಗೆ ಒತ್ತಿಕೊಂಡು ಕೊಟ್ಟಿದ್ದರು.

ನೋಯ್ಡಾ, ಮೊದಲ ದಿನ

ಮುನಿರ್ಕಾದಿಂದ ನೋಯ್ಡಾಕ್ಕೆ ಒಂದೇ ಮೆಟ್ರೋ. ತಪಾಸಣೆಯ ಯಂತ್ರದಲ್ಲಿ ನನ್ನ ಡಬ್ಬಿ ಹೋಗುತ್ತಿದ್ದಂತೆ ‘ಖೋಲಿಯೇ’ ಅಂದಳು ಪೊಲೀಸಮ್ಮ. ತೆರೆದೆ. ಅವಳು ಎರಡು ಹೆಜ್ಜೆ ಹಿಂದೆ ಹಾರಿದಳು. ಹಿಂದಿನ ಸಾಲಿನ ಹೆಂಗಸರು ಕಿರುಚಿದರು. ‘ಕೇಂಚುಲಿ ಹೈ, ಬೆಹನ್, ಸಾಂಪ್ ನಹೀಂ’ ಅಂದೆ. ಹಾವು ಕಳಚಿದ ಪೊರೆಗೆ ಹಿಂದಿಯಲ್ಲಿ ಕೇಂಚುಲಿ ಅನ್ನುತ್ತಾರೆ ಅಂತ ಅಕ್ಕ ಹಿಂದಿನ ದಿನವೇ ಕಲಿಸಿದ್ದಳು. ಆ ಹುಡುಗಿಯ ಮುಖ ಬದಲಾಯಿತು. ಕೈಗವಸು ತೆಗೆದು, ಒಂದನ್ನು ಮುಟ್ಟಿ, ಹಣೆಗೆ ಬೆರಳು ತಾಗಿಸಿಕೊಂಡು ನನ್ನನ್ನು ಒಳಗೆ ಬಿಟ್ಟಳು.

ಕಪಿಲ್ ಸುಮಾರು ನಲವತ್ತರವನು. ಸೌಮ್ಯ ಮಾತು, ಒಳ್ಳೆಯ ಶೂಸು. ಕಾಲಿಗೆ ಬಿದ್ದು ನಮಸ್ಕಾರ ಮಾಡಿದ. ಕಾರ್ಖಾನೆಯ ನೆಲಮಾಳಿಗೆಯಲ್ಲಿ ಆರು ಜನ ಕೆಲಸದವರು ಕಾದಿದ್ದರು. ಅವರಲ್ಲಿ ಮೀನಾ ಅನ್ನುವ ಹೆಂಗಸೇ ಹಿರಿಯಳು. ನಲವತ್ತೈದರ ಆಸುಪಾಸು, ಪಾಲಿಶ್ ಕೆಲಸದವಳು. ನಾನು ಪೊರೆ ಅಂಟಿಸುವುದನ್ನು ಒಮ್ಮೆ ನೋಡಿದಳು, ಎರಡನೇ ಸಲಕ್ಕೆ ತಾನೇ ಅಂಟಿಸಿದಳು. ಬಾಲದ ಕಡೆಯ ಸಣ್ಣ ಹುರುಪೆಗಳನ್ನು ಉಗುರಿನಿಂದ ಎಷ್ಟು ಹಗುರಾಗಿ ಒತ್ತಿದಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ವರ್ಷ ಕಲಿಸಿದ ಹುಡುಗರಲ್ಲಿ ಇಂಥ ಕೈ ಕಂಡದ್ದು ಬೆರಳೆಣಿಕೆ.

ಆದರೆ ಅಂದು ನನ್ನ ಮರ್ಯಾದೆ ತೆಗೆದದ್ದು ರೆಸಿನ್. ಹರಿಹರದಲ್ಲಿ ಸಂಜೆ ಸುರಿದರೆ ಬೆಳಿಗ್ಗೆ ಕಲ್ಲು. ಇಲ್ಲಿ ಬೆಳಿಗ್ಗೆ ಸುರಿದದ್ದು ಸಂಜೆಯಾದರೂ ಜೇನಿನ ಹಾಗೆ ಜಾರುತ್ತಿತ್ತು. ಕಪಿಲ್ ಬಂದು ಬೆರಳಿಟ್ಟು ನೋಡಿ, ಕರವಸ್ತ್ರಕ್ಕೆ ಒರೆಸಿಕೊಂಡು ಹೋದ. ನನಗೆ ಅಳು ಬಂತು. ಮೀನಾ ಮೂಲೆಯಿಂದ ಹಳೆಯ ರಜಾಯಿ ತಂದು ಅಚ್ಚುಗಳಿಗೆ ಹೊದಿಸಿದಳು, ಪಕ್ಕದಲ್ಲಿ ರೂಮ್ ಹೀಟರ್ ಇಟ್ಟಳು.

‘ಚಳಿ ಅದಕ್ಕೂ ಆಗುತ್ತೆ ದೀದಿ. ನಾಳೆ ಎದ್ದು ಕೂರುತ್ತೆ, ನೋಡಿ.’

ಮರುದಿನ ಬೆಳಿಗ್ಗೆ ನೋಡಿದರೆ ಕಲ್ಲಾಗಿತ್ತು.

ನೋಯ್ಡಾ, ಎರಡನೇ ದಿನ

ನಾನು ತಂದ ಪೊರೆಗಳಲ್ಲಿ ಮೂರನ್ನು ಮಾತ್ರ ಬಳಸಿದ್ದೆವು. ಕಪಿಲ್ ಒಂದು ಚೀಲ ತಂದು ಮೇಜಿನ ಮೇಲಿಟ್ಟ. ‘ಮೇಡಂಜೀ, ನಿಮ್ಮದು ಸ್ವಲ್ಪ ಮಂಕು. ಕಂಪನಿಯವರಿಗೆ ಬಣ್ಣ ಬೇಕು. ಇದನ್ನು ಹಾಕಿ’ ಅಂದ.

ಚೀಲ ಬಿಚ್ಚಿದಾಗ ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆ ಇನ್ನೊಂದು ವಾಸನೆ. ಒಳಗಿದ್ದದ್ದು ಕಂದು, ಹಳದಿ, ಕಪ್ಪು ಮಚ್ಚೆಯ ಪಟ್ಟಿಗಳು. ನೋಡಲು ಬಹಳ ಚೆನ್ನಾಗಿದ್ದವು. ಕೈಗೆ ತೆಗೆದುಕೊಂಡೆ. ದಪ್ಪ. ಮಡಚಿದರೆ ಮಡಿಕೆ ನಿಲ್ಲುತ್ತದೆ. ತಿರುಗಿಸಿ ನೋಡಿದರೆ ಒಳಭಾಗದಲ್ಲಿ ನಾರು, ನಡುವೆ ಚಾಕುವಿನ ಗೆರೆ.

ಆದರೂ ತೀರಾ ಅವಸರದಲ್ಲಿ ಆರೋಪ ಮಾಡಬಾರದು ಅಂತ ಒಂದು ಕೊಳವೆಗೆ ಚಿನ್ನದ ಬಣ್ಣ ಬಳಿದು ಅದರ ಮೇಲೆ ಒಂದು ತುಂಡು ಅಂಟಿಸಿದೆ. ಕೆಳಗಿನ ಚಿನ್ನ ಕಾಣಲೇ ಇಲ್ಲ. ಪೊರೆಯಾಗಿದ್ದರೆ ಕಾಣಬೇಕಿತ್ತು. ಮೀನಾ ನನ್ನ ಕೈ ನೋಡುತ್ತಿದ್ದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ.

‘ಕಪಿಲ್‌ಜೀ, ಇದು ಪೊರೆಯಲ್ಲ. ಹಾವು ಕೊಂದು ಸುಲಿದ ಚರ್ಮ’ ಅಂದೆ.

‘ಅರೇ ಮೇಡಂಜೀ, ಕೇಂಚುಲಿ ಅನ್ನಿ, ಖಾಲ್ ಅನ್ನಿ, ಎರಡೂ ಒಂದೇ. ಕ್ಯಾಟಲಾಗ್‌ನಲ್ಲಿ ನಾವು ಸ್ನೇಕ್ ಸ್ಕಿನ್ ಅಂತ ಹಾಕ್ತೀವಿ. ಇಂಗ್ಲಿಷ್‌ನಲ್ಲಿ ಅದಕ್ಕೂ ಇದೇ, ಇದಕ್ಕೂ ಇದೇ.’

ನನಗೆ ಮೈ ಉರಿದುಹೋಯಿತು. ಒಂದು ಹಾವು ತಾನಾಗಿಯೇ ಕಲ್ಲಿಗೆ ಮೈ ಉಜ್ಜಿ ಬಿಟ್ಟುಹೋದದ್ದು. ಇನ್ನೊಂದನ್ನು ಯಾರೋ ತಲೆ ಒತ್ತಿ ಹಿಡಿದು ಸೀಳಿದ್ದು. ಎರಡಕ್ಕೂ ಒಂದೇ ಮಾತು ಇರುವ ಭಾಷೆಯ ಹಿಂದೆ ಹೋಗಿ ಅಡಗುತ್ತಿದ್ದಾನೆ ಈ ಮನುಷ್ಯ.

‘ನಾನು ಇದನ್ನು ಮುಟ್ಟುವುದಿಲ್ಲ. ನಿಮ್ಮವರೂ ಮುಟ್ಟಬಾರದು. ಇದಕ್ಕೆ ಜೈಲಿದೆ, ಗೊತ್ತಾ?’

ಅವನಿಗೆ ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. ‘ಅಚ್ಛಾ, ಸಪ್ಲೈ ಮಾಡಿದವನು ಮೋಸ ಮಾಡಿದ್ದಾನೆ. ವಾಪಸ್ ಕಳಿಸ್ತೀನಿ. ನಿಮ್ಮ ಪೊರೆಯ ಪೆನ್ನುಗಳೇ ನಾಳೆ ಬಿಡುಗಡೆ. ಪ್ರಾಮಿಸ್’ ಅಂದು ಚೀಲ ಎತ್ತಿಕೊಂಡ. ಅಂಟಿಸಿದ ಕೊಳವೆ ನನ್ನ ಏಪ್ರನ್ ಜೇಬಿನಲ್ಲಿತ್ತು. ಅದನ್ನು ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಸಂಜೆ ಮುನಿರ್ಕಾಕ್ಕೆ ಬಂದು ಭಾವನಿಗೆ ಎಲ್ಲ ಹೇಳಿದೆ.

‘ವಾಪಸ್ ಕಳಿಸ್ತೀನಿ ಅಂದನಲ್ಲ? ಮತ್ತೇನು?’ ಅಂದರು ಭಾವ. ‘ಚಲೋ, ನಾಳೆ ಹೋಗಿ ಕೂತು ಶಾಲು ಹೊದಿಸಿಕೊಂಡು ಬಾ. ಇಲ್ಲಿ ಕೆದಕಿದರೆ ಕೆದಕಿದವರಿಗೇ ತೊಂದರೆ. ಮೂವತ್ತೈದು ವರ್ಷ ಫೈಲು ನೋಡಿದವನು ನಾನು.’

‘ಫೈಲು ನೋಡಿದ್ದೀರಿ ಭಾವ. ಹಾವು ನೋಡಿಲ್ಲ.’

ಅಕ್ಕ ಒಳಗಿನಿಂದ ಚಪಾತಿ ತಂದು ಇಬ್ಬರ ನಡುವೆ ಇಟ್ಟಳು.

ಗುರುಗ್ರಾಮ

ಹೋದೆ. ಅದಕ್ಕಾಗಿ ನನ್ನ ಮೇಲೆಯೇ ನನಗೆ ಈಗಲೂ ಸಿಟ್ಟಿದೆ. ಹೆಸರಿನ ಆಸೆ ಇನ್ನೂ ಸತ್ತಿರಲಿಲ್ಲ.

ಹೋಟೆಲು ಹೇಗಿತ್ತೆಂದರೆ ಬಾಗಿಲು ತಾನಾಗಿಯೇ ತೆರೆಯಿತು, ಹೊರಗೆ ನಾಲ್ಕು ದಿನದಿಂದ ಸರಿಯಾಗಿ ಕಾಣದ ಬಿಸಿಲಿನಷ್ಟು ಬೆಳಕು ಒಳಗಿತ್ತು. ಬಂದವರೆಲ್ಲ ಒಬ್ಬರಿಗೊಬ್ಬರು ಕಾರ್ಡು ಕೊಡುತ್ತಿದ್ದರು. ಪೆನ್ನು ನೋಡಲು ಬಂದವರಲ್ಲಿ ಯಾರ ಜೇಬಿನಲ್ಲೂ ಪೆನ್ನು ಇರಲಿಲ್ಲ. ಬಾಗಿಲಲ್ಲೇ ಒಂದು ಕರಪತ್ರ ಕೊಟ್ಟರು. ಅದರ ಮೇಲೆ ನನ್ನ ಫೋಟೋ. ಮೊದಲ ದಿನ ಚಳಿಗೆ ಸೆರಗನ್ನು ತಲೆಗೆ ಹೊದ್ದು ನೆಲದಲ್ಲಿ ಕೂತಿದ್ದಾಗ ಯಾರೋ ತೆಗೆದದ್ದು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ದಕ್ಷಿಣದ ದಟ್ಟ ಕಾಡಿನ ಹಾವಾಡಿಗರ ಕುಲದ ಕೊನೆಯ ಹೆಂಗಸಂತೆ ನಾನು. ಓದು ಬರಹ ತಿಳಿಯದಂತೆ. ಹಾವುಗಳ ಜೊತೆ ಮಾತಾಡುತ್ತೇನಂತೆ. ಹೆಸರು ‘ನಾಗಮ್ಮ’.

ಕರಪತ್ರ ಮಡಚಿ ಚೀಲಕ್ಕೆ ತುರುಕಿದೆ. ಹಾವಾಡಿಗರು ಕಡಿಮೆಯವರು ಅಂತಲ್ಲ. ನಮ್ಮೂರಿನ ಹಾವಾಡಿಗರ ಮಕ್ಕಳು ನನ್ನ ಹತ್ತಿರವೇ ಲೇತ್ ಕಲಿತು ಕೆಲಸ ಹಿಡಿದಿದ್ದಾರೆ. ಆದರೆ ಇವನು ಅವರ ಹೆಸರನ್ನೂ ಕದ್ದ, ನನ್ನ ಹೆಸರನ್ನೂ ಕದ್ದ. ಡಿಪ್ಲೊಮಾ ಮಾಡಿ, ಗಂಡಸರೇ ತುಂಬಿದ್ದ ವರ್ಕ್‌ಶಾಪಿನಲ್ಲಿ ಮೈಕ್ರೋಮೀಟರ್ ಹಿಡಿದು ನಿಂತು ನಾನು ಗಳಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಅಳಿಸಿಹಾಕಿದ.

ಗಾಜಿನ ಪೆಟ್ಟಿಗೆಯ ಹತ್ತಿರ ಹೋದೆ. ನಮ್ಮ ಮೂರು ಪೊರೆಯ ಪೆನ್ನುಗಳು ಮೂಲೆಯಲ್ಲಿದ್ದವು. ನಡುವೆ ಕಂದು, ಹಳದಿ ಮಚ್ಚೆಯ ಪೆನ್ನುಗಳ ದೊಡ್ಡ ಸಾಲು. ಅವು ಒಂದೇ ರಾತ್ರಿಯಲ್ಲಿ ಆದವಲ್ಲ. ನಾನು ನೋಯ್ಡಾಕ್ಕೆ ಕಾಲಿಡುವ ಮೊದಲೇ ಯಾರೋ ಹೇಗೋ ಮಾಡಿಟ್ಟಿದ್ದರು. ಎರಡು ದಿನ ನನ್ನನ್ನು ಕರೆಸಿದ್ದು ಕಲಿಯಲು ಅಲ್ಲ, ಫೋಟೋಕ್ಕೆ.

ವೇದಿಕೆಗೆ ಕರೆದರು. ಶಾಲು ಹೊದಿಸಲು ಬಂದವನನ್ನು ಕೈಯಲ್ಲೇ ತಡೆದು ಮೈಕ್ ತೆಗೆದುಕೊಂಡೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೂ ಹೇಳಿದೆ.

‘ನನ್ನ ಹೆಸರು ಗಿರಿಜಾ. ನಾನು ಲೇತ್ ಕಲಿಸುವ ಟೀಚರ್. ಮೂಲೆಯ ಮೂರು ಪೆನ್ನು ಕೇಂಚುಲಿಯದು. ಉಳಿದದ್ದೆಲ್ಲ ಖಾಲ್. ಹಾವು ಕೊಂದು ಮಾಡಿದ್ದು. ತೆಗೆದುಕೊಂಡರೆ ನೀವೂ ಪಾಲುದಾರರು.’

ಅಷ್ಟರಲ್ಲಿ ಮೈಕ್ ಸತ್ತಿತು. ಸಭೆಯಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿದರು. ನಾನು ಹೇಳಿದ್ದನ್ನು ಕೇಳಿ ತಟ್ಟಿದ್ದೋ, ಮಾತು ಮುಗಿಯಿತೆಂದು ತಟ್ಟಿದ್ದೋ ತಿಳಿಯಲಿಲ್ಲ. ಕಪಿಲ್ ನಗುತ್ತಲೇ ನನ್ನ ಮೊಣಕೈ ಹಿಡಿದು ಬಾಗಿಲವರೆಗೆ ತಂದ. ‘ಊರಿಗೆ ಹೋಗಿ ಆರಾಮಾಗಿರಿ ಮೇಡಂಜೀ’ ಅಂದ. ಗೋಡೆಯ ಹತ್ತಿರ ಟ್ರೇ ಹಿಡಿದು ನಿಂತಿದ್ದ ಮೀನಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಹೊಸ ಸೀರೆ ಉಡಿಸಿದ್ದರು.

ಮೂರು ಕಚೇರಿ

ಮರುದಿನ ದೂರು ಕೊಡಲು ಹೊರಟೆ. ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಅಕ್ಕ ಒಳಗೆ ಹೋದವಳು ಶಾಲು ಹೊದ್ದು, ಕನ್ನಡಕ ಹಾಕಿಕೊಂಡು ಬಂದಳು.

‘ನೀನೆಲ್ಲಿಗೆ?’ ಅಂದರು ಭಾವ.

‘ಇವಳಿಗೆ ಹಿಂದಿ ಬರೆಯೋಕೆ ಬರಲ್ಲ. ನನಗೆ ಬರುತ್ತೆ. ಮಕ್ಕಳ ಹೋಂವರ್ಕ್ ಮಾಡಿಸಿ ಮಾಡಿಸಿ ಕಲಿತಿದ್ದೀನಿ. ಅನ್ನ ಕುಕ್ಕರಿನಲ್ಲಿದೆ, ಊಟ ಮಾಡಿ.’

ಅಕ್ಕ ಭಾವನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ದೆಹಲಿಯ ಕಚೇರಿಯವರು ಕಾರ್ಖಾನೆ ನೋಯ್ಡಾದಲ್ಲಿದೆ, ಅದು ಉತ್ತರ ಪ್ರದೇಶ, ನಮ್ಮದಲ್ಲ ಅಂದರು. ಪೆನ್ನು ಕಂಡದ್ದು ಗುರುಗ್ರಾಮದಲ್ಲಲ್ಲವೇ ಅಂತ ಅಲ್ಲಿಗೆ ಹೋದರೆ ಇದು ಹರಿಯಾಣ, ಮಾಲು ಎಲ್ಲಿ ತಯಾರಾಯಿತೋ ಅಲ್ಲಿಗೆ ಹೋಗಿ ಅಂದರು. ಎಲ್ಲಿ ನೋಡಿದರೂ ಒಂದೇ ಊರು, ಒಂದೇ ಮೆಟ್ರೋ, ಒಂದೇ ಹೊಗೆ. ಕೇಳಹೋದರೆ ಮೂರು ರಾಜ್ಯ. ನಮ್ಮಲ್ಲಿ ತುಂಗಭದ್ರೆ ದಾಟಿದರೆ ಜಿಲ್ಲೆ ಬದಲಾಗುವುದು ಕಣ್ಣಿಗಾದರೂ ಕಾಣುತ್ತದೆ.

ಕೊನೆಗೆ ನೋಯ್ಡಾದಲ್ಲಿ ಒಬ್ಬ ಅರಣ್ಯಾಧಿಕಾರಿ ಕೂರಿಸಿ ಕೇಳಿದರು. ಅಕ್ಕ ಎರಡು ಪುಟ ಬರೆದಳು. ಅಧಿಕಾರಿ ನನ್ನ ಏಪ್ರನ್ ಜೇಬಿನ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

‘ನಿಮ್ಮ ಪೊರೆಗಳು ಎಲ್ಲಿಂದ ಬಂದವು?’

ಹೇಳಿದೆ.

‘ಕಾಗದ ಪತ್ರ ಏನಾದರೂ ಇದೆಯಾ? ಪೊರೆಯಾದರೂ ಕಾಡು ಹಾವಿನದೇ ಅಲ್ಲವಾ ಮೇಡಂ? ನೀವು ಅದನ್ನು ಪೆನ್ನು ಮಾಡಿ ಮಾರಿದ್ದೀರಿ. ನಿಮ್ಮ ದೂರು ಬರೆದುಕೊಂಡರೆ ನಾನು ಅದನ್ನೂ ಬರೆಯಬೇಕಾಗುತ್ತೆ.’

ಒಂದು ಕ್ಷಣ ಅವರ ಮೇಲೂ ಕೆಂಡದಂಥ ಸಿಟ್ಟು ಬಂತು. ಅದು ಇಳಿದಾಗ ಕೆಳಗೆ ಕಂಡದ್ದು ನಾಚಿಕೆ. ಇಷ್ಟು ದಿನ ನಾನು ಆ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ನನ್ನ ಪೆನ್ನು ನೋಡಿಯೇ ಕಪಿಲನಂಥವನಿಗೆ ಈ ಯೋಚನೆ ಬಂದದ್ದು. ನಾನು ತೋರಿಸಿದ ದಾರಿಯಲ್ಲಿ ಅವನು ಚಾಕು ಹಿಡಿದು ನಡೆದ.

‘ಬರೆದುಕೊಳ್ಳಿ’ ಅಂದೆ.

ಉಳಿದ ಒಂಬತ್ತು ಪೊರೆಗಳ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಎಣಿಸಿ, ಕವರಿಗೆ ಹಾಕಿ, ಅರಗು ಒತ್ತಿದರು. ಓಣಿಯ ಪಾರ್ವತಕ್ಕ ಕಣ್ಣಿಗೊತ್ತಿಕೊಂಡು ಕೊಟ್ಟದ್ದು ಅದರೊಳಗೇ ಹೋಯಿತು. ಇನ್ನು ಮೇಲೆ ಈ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಟ್ಟೆ. ಅಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಆ ಸಾಲನ್ನು ಹಿಂದಿಯಲ್ಲಿ ಬರೆದಳು, ನಾನು ಕನ್ನಡದಲ್ಲಿ ಸಹಿ ಮಾಡಿದೆ.

ಹರಿಹರ

ನಾನು ಊರು ತಲುಪಿದ ವಾರಕ್ಕೆ ಅಧಿಕಾರಿಯೇ ಫೋನ್ ಮಾಡಿದರು. ನೆಲಮಾಳಿಗೆಯಲ್ಲಿ ಚರ್ಮದ ಚೀಲಗಳು ಸಿಕ್ಕವಂತೆ, ಬೀಗ ಹಾಕಿದ್ದೇವೆ ಅಂದರು. ಕಪಿಲ್ ಜಾಮೀನಿನ ಮೇಲೆ ಹೊರಗಿದ್ದಾನೆ. ಕೇಸು ಎಷ್ಟು ವರ್ಷ ನಡೆಯುತ್ತದೋ, ನನ್ನನ್ನು ಯಾವಾಗ ಸಾಕ್ಷಿಗೆ ಕರೆಯುತ್ತಾರೋ ಗೊತ್ತಿಲ್ಲ. ಕರೆದರೆ ಹೋಗುತ್ತೇನೆ.

ಮೊನ್ನೆ ಮೀನಾ ಫೋನ್ ಮಾಡಿದಳು. ನಂಬರು ಅಕ್ಕನಿಂದ ಪಡೆದಿದ್ದಳಂತೆ. ಹೊಗಳುತ್ತಾಳೆ ಅಂದುಕೊಂಡು ಕಿವಿಗೆ ಹಿಡಿದೆ.

‘ದೀದಿ, ನೀವು ಹೇಳಿದ್ದು ಸರಿ. ಆದರೆ ಬೀಗ ಬಿದ್ದದ್ದು ನಮ್ಮ ಹೊಟ್ಟೆಗೆ. ಆರು ಜನ ಬೀದಿಯಲ್ಲಿದ್ದೀವಿ. ಅವನು ಕಾರಿನಲ್ಲಿ ಓಡಾಡ್ತಿದ್ದಾನೆ. ನೀವು ಊರಿಗೆ ಹೋಗಿ ಕೂತಿದ್ದೀರಿ. ಕಲಿಸೋಕೆ ಬಂದವರು ಅರ್ಧ ಕಲಿಸಿ ಹೋಗಬಹುದಾ? ಹೇಳಿ.’

ಅವಳು ಹತ್ತು ನಿಮಿಷ ಬೈದಳು. ಪೂರ್ತಿ ಕೇಳಿಸಿಕೊಂಡೆ. ನನಗೆ ಹೋದದ್ದು ಹವ್ಯಾಸ, ಅವಳಿಗೆ ಹೋದದ್ದು ಕೆಲಸ. ಅವಳ ಸಿಟ್ಟಿನ ಮುಂದೆ ನನ್ನದು ಕೂತು ಉಣ್ಣುವವಳ ಸಿಟ್ಟು.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದೆ: ‘ಮೀನಾ, ನಿನ್ನ ಕೋಣೆಯಲ್ಲಿ ಒಂದು ಮೇಜು ಹಿಡಿಸುತ್ತಾ? ಕರೆಂಟಿನ ಪ್ಲಗ್ ಇದೆಯಾ?’

‘ಯಾಕೆ?’

‘ನನ್ನ ಸಣ್ಣ ಲೇತು ಕಳಿಸ್ತೀನಿ. ಮರ ತಿರುವು. ಲಟ್ಟಣಿಗೆ ಮಾಡು, ಪೆನ್ನು ಮಾಡು, ಆಟದ ಬುಗುರಿ ಮಾಡು. ಉಳಿದ ಅರ್ಧ ಫೋನಿನಲ್ಲಿ ಕಲಿಸ್ತೀನಿ.’

ಆ ಕಡೆಯಿಂದ ಪ್ರೆಶರ್ ಕುಕ್ಕರ್ ಕೂಗುವುದು, ಯಾರೋ ಮೆಟ್ಟಿಲು ಇಳಿಯುವುದು ಕೇಳಿಸುತ್ತಿತ್ತು.

‘ಕಳಿಸಿ’ ಅಂದಳು. ‘ಆದರೆ ನಾನು ಥ್ಯಾಂಕ್ಸ್ ಹೇಳಲ್ಲ.’

‘ಹೇಳಬೇಡ’ ಅಂದೆ. ಮಧ್ಯಾಹ್ನವೇ ಲೇತಿನ ಬೋಲ್ಟುಗಳನ್ನು ಬಿಚ್ಚಲು ಕೂತೆ.